ಮಾವ ತೋರಿಸಿದ ಮಿಲ್ಲು

ಇವತ್ತು ಪಕ್ಕದ ಮನೆಯವರು ಮುರಿದ ಕೈಗೆ ಉದ್ದಿನ ಹಿಟ್ಟು, ಮೊಟ್ಟೆ ಕಲಸಿ ಕಟ್ಟುತ್ತಿದ್ದರು. ಆ ಹಸಿ ವಾಸನೆಗೆ ಕೊಯಮತ್ತೂರಿನ ಸೋದರಮಾವ ನೆನಪಾದರು.

ನಮ್ಮೂರಾದ ವೆಳ್ಳಕೋಯಿಲಿನಿಂದ ನಾನೂ ಅಮ್ಮನೂ ಅವರ ಮನೆಗೆ ಹೋದರೆ, ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು ಎಲ್ಲವೂ ಮಾವನದೇ ತೀರ್ಮಾನ. ಒಂದು ಸಲ, ತಾವು ಕೆಲಸ ಮಾಡುವ ನೂಲಿನ ಮಿಲ್ಲು ತೋರಿಸುವ ಹಟ.

"ಸ್ಟ್ರೈಕು ನಡೀತಿದೆ, ಬೇಡ," ಎಂದರು ಅತ್ತೆ.

"ಗೇಟ್‌ವರೆಗೆ ತಾನೆ, ಪರವಾಯಿಲ್ಲೆ. ಅಕ್ಕ ನೋಡ್ದೆ ಹೋಗ್ಬಾರ್ದು."

ಗೇಟಿನ ಮುಂದೆ ನಿಂತಾಗಲೇ ಕಲ್ಲು ತೂರಾಟ ಶುರುವಾಯಿತು, ಹಿಂದೆಯೇ ಪೊಲೀಸರ ಲಾಠಿ. ಒಬ್ಬನ ತಲೆಯೊಡೆದು ರಕ್ತ ನನ್ನ ಲಂಗಕ್ಕೆ ಚಿಮ್ಮಿತು. ಮಾವ ನಮ್ಮಿಬ್ಬರನ್ನೂ ಗೋಡೆಗೆ ಒತ್ತಿ ಅಡ್ಡ ನಿಂತರು. "ಇವರು ನೆಂಟರು, ಬಿಟ್ಟುಬಿಡಿ" ಎಂದು ತಮಿಳಿನಲ್ಲಿ ಬೇಡುತ್ತಲೇ ಏಟು ತಿಂದರು. ಅವರ ಮೊಣಕೈ ಮುರಿದ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿತು.

ಮನೆಯಲ್ಲಿ ಕಟ್ಟು ಹಾಕಿಸಿಕೊಳ್ಳುತ್ತ ಮಾವ ಹೇಳಿದರು: "ನಾಳೆಗೇ ಹೊರಡ್ಬೇಡ ಅಕ್ಕಾ. ಇದೊಂದೇ ನೋಡ್ಕೊಂಡು ಹೋದ್ರೆ, ನಮ್ಮೂರು ಇಷ್ಟೇ ಅಂದ್ಕೋತೀಯ."

ಅಮ್ಮ ಉಳಿದಳು. ಅಡುಗೆ ಮಾಡಿ, ತಮ್ಮನಿಗೆ ತಾನೇ ತುತ್ತು ಕೊಟ್ಟಳು. ಮಾವನ ಆ ಕೈ ಮತ್ತೆ ನೆಟ್ಟಗಾಗಲಿಲ್ಲ.

ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ಮೊಮ್ಮಗಳು ಈಗ ಕೇಳುತ್ತಿದ್ದಾಳೆ: "ಆಮೇಲೂ ಅಲ್ಲಿಗೆ ಹೋದ್ರಾ ಅಜ್ಜಿ?"

ಪ್ರತಿ ವರ್ಷ ಹೋದೆವು.