ಕಂಪ್ಯೂಟರ್ ಹಾಕಿದ ಟೈಮ್‌ಟೇಬಲ್

ಎಂಬತ್ತರ ದಶಕದ ನಡುವಿನಲ್ಲಿ ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮನೆ ಮಾರೇನಹಳ್ಳಿಯಲ್ಲಿ. ದುಬೈಯಲ್ಲಿದ್ದ ಭಾವ ರಜೆಗೆ ಬಂದಾಗ ಒಂದು ಕಂಪ್ಯೂಟರ್ ತಂದು ನಮ್ಮಲ್ಲಿ ಬಿಟ್ಟು ಹೋದರು. ನೋಡಲು ಬರೀ ಒಂದು ದಪ್ಪ ಕೀಬೋರ್ಡ್. ಅದನ್ನು ಮನೆಯ ಟಿವಿಗೆ ಸಿಕ್ಕಿಸಬೇಕು, ಬರೆದದ್ದನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಿಸಬೇಕು. ಅಷ್ಟರೊಳಗೆ ಕರೆಂಟ್ ಹೋದರೆ ಎಲ್ಲ ಮಾಯ.

ಸ್ಟಾಫ್ ರೂಮಿನಲ್ಲಿ ಅದರ ಮಾತು ತೆಗೆದದ್ದೇ ನನ್ನ ತಪ್ಪು. ಹೆಡ್‌ಮಿಸ್ಟ್ರೆಸ್ ಕರೆಸಿದರು. ಪ್ರತಿ ವರ್ಷ ಟೈಮ್‌ಟೇಬಲ್ ಅಂಟಿಸಿದ ದಿನ ಸ್ಟಾಫ್ ರೂಮಿನಲ್ಲಿ ಜಗಳ.

"ಈ ಸಲ ಕಂಪ್ಯೂಟರಲ್ಲೇ ಹಾಕ್ಬಿಡಿ ಮಿಸ್. ಯಾರೂ ಬಾಯಿ ಬಿಡಲ್ಲ."

ಮೂರು ವಾರ ಸಾಯಂಕಾಲವೆಲ್ಲ ಟಿವಿ ಮುಂದೆ ಕೂತೆ. ವಾರ್ತೆಗೆ ಕಾದು ಅತ್ತೆ ಕೇಳುತ್ತಿದ್ದರು, "ಮುಗೀತೇನಮ್ಮಾ?"

"ಇನ್ನೊಂದು ಹತ್ತು ನಿಮಿಷ ಅತ್ತೆ."

ಕ್ಯಾಸೆಟ್ ಐದು ನಿಮಿಷ ಕಿರುಚಿ, ಕೊನೆಗೆ ಎರರ್ ಎನ್ನುತ್ತಿತ್ತು. ಮತ್ತೆ ಮೊದಲಿಂದ. ಅಂತೂ ಪ್ರೋಗ್ರಾಂ ಓಡಿದ ದಿನ ಹಿಂದಿ ಟೀಚರನ್ನು ಒಂದೇ ಪೀರಿಯಡ್‌ಗೆ ಮೂರು ಕ್ಲಾಸಿಗೆ ಕಳಿಸಿತು. ಸುಮ್ಮನೆ ಸ್ವಿಚ್ ಆರಿಸಿದೆ. ಭಾನುವಾರ ಪೆನ್ಸಿಲ್ಲು, ರಬ್ಬರು ಹಿಡಿದು ಇಡೀ ಟೈಮ್‌ಟೇಬಲ್ ಕೈಯಲ್ಲೇ ಬರೆದು ಮುಗಿಸಿದೆ.

"ಮೇಡಂ, ಇದು ನಾನೇ..." ಎನ್ನುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಹಾಳೆಯನ್ನು ಬೋರ್ಡಿಗೆ ಚುಚ್ಚಿ, "ಕಂಪ್ಯೂಟರ್ ಹಾಕಿರೋದು," ಎಂದು ಎಲ್ಲರಿಗೂ ಹೇಳಿಯಾಗಿತ್ತು.

ಹಿಂದಿ ಟೀಚರ್ ತುಂಬ ಹೊತ್ತು ಅದರ ಮುಂದೆ ನಿಂತರು. ವಾರದಲ್ಲಿ ನಾಲ್ಕು ದಿನ ಕೊನೆಯ ಪೀರಿಯಡ್ ಅವರದೇ. ಕೆಂಗೇರಿಯಲ್ಲಿ ಮನೆ, ಮನೆಯಲ್ಲಿ ಕೈಗೂಸು, ಬಸ್ಸು ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಇದೆಲ್ಲ ನನಗೆ ಗೊತ್ತಿತ್ತು. ದಣಿದು ಕೂತಿದ್ದಾಗ ಜ್ಞಾಪಕಕ್ಕೆ ಬಂದಿರಲಿಲ್ಲ, ಅಷ್ಟೇ.

ಪ್ರತಿ ವರ್ಷ ಜಗಳ ಆಡುತ್ತಿದ್ದವರು ಅವರೇ. ಆವತ್ತು ಮೆಲ್ಲಗೆ ಹೇಳಿದರು, "ಕಂಪ್ಯೂಟರೇ ಹಾಕಿದೆ ಅಂದ್ಮೇಲೆ ಯಾರನ್ನ ಕೇಳೋದು ಮಿಸ್. ಅದಕ್ಕೇನು ನನ್ ಮೇಲೆ ದ್ವೇಷಾನಾ?"

ಮಾರನೆಯ ದಿನ ಅವರ ನಾಲ್ಕೂ ಪೀರಿಯಡ್ ನನಗೆ ಬರೆದುಕೊಂಡು, ನನ್ನ ಬೆಳಗಿನವನ್ನು ಅವರಿಗೆ ಕೊಟ್ಟು, ಹೊಸ ಹಾಳೆ ತಂದೆ. ಕಂಪ್ಯೂಟರಿನಲ್ಲಿ ಒಂದು ತಪ್ಪಿತ್ತು, ಸರಿಮಾಡಿದೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ತುಂಬ ಉಪಕಾರ ಆಯ್ತು. ಒಳ್ಳೇ ಮಿಷನ್ ಮಿಸ್ ಅದು."

ಆ ವರ್ಷವಿಡೀ ತೂಕಡಿಸುವ ಮಕ್ಕಳಿಗೆ ಕೊನೆಯ ಪೀರಿಯಡ್‌ನಲ್ಲಿ ರೇಖಾಗಣಿತ ಹೇಳಿಕೊಟ್ಟೆ. ನಾನೂ ಅರ್ಧ ತೂಕಡಿಸುತ್ತಲೇ ಇದ್ದೆ.

ಎರಡು ವರ್ಷದ ಮೇಲೆ ಸ್ಕೂಲಿಗೇ ಕಂಪ್ಯೂಟರ್ ಬಂತು. ಮೊದಲು ಆಪರೇಟಿಂಗ್ ಸಿಸ್ಟಂ ಇರುವ ಫ್ಲಾಪಿ ಹಾಕಬೇಕು, ಆಮೇಲೇ ಅದಕ್ಕೆ ಎಚ್ಚರ. ಬರೆದದ್ದು ಫ್ಲಾಪಿಯಲ್ಲಿ ಉಳಿಯುತ್ತಿತ್ತು.

ಹೆಡ್‌ಮಿಸ್ಟ್ರೆಸ್ ಕಂಪ್ಯೂಟರ್ ರೂಮಿನ ಬೀಗದ ಕೈ ನನ್ನತ್ತ ಚಾಚಿದರು. "ನಿಮಗೆ ಮೊದಲಿಂದ್ಲೂ ಅಭ್ಯಾಸ ಇದೆಯಲ್ಲ."

"ಬೇರೆ ಯಾರಿಗಾದ್ರೂ ಕೊಡಿ ಮೇಡಂ," ಎಂದೆ. "ನನ್ ಕೈಲಿ ಆಗಲ್ಲ."