ದ್ವೀಪಕ್ಕಾಗಿ ಮತ ಕೇಳಲು ಹೋದದ್ದು

ನೀರಿನ ಪಂಪು ಸುಟ್ಟುಹೋದ ದಿನ ನಾನು ಅಳಲಿಲ್ಲ, ಬೈದೆ. ಪಂಪನ್ನಲ್ಲ, ಹೊಸದನ್ನು ತರಲು ಬಿಡದ ನಮ್ಮ ನಿಯಮವನ್ನು. ನಿಯಮ ಬರೆದವರು ನನ್ನ ಗಂಡನೇ ಆದ್ದರಿಂದ ಬೈಗುಳ ತಲುಪಬೇಕಾದಲ್ಲಿಗೆ ತಲುಪಿತು.

ಮೆರ್ಸಿಂಗ್ ಬಂದರಿನಿಂದ ದೋಣಿಯಲ್ಲಿ ಹೋಗಬೇಕಾದ ಒಂದು ಸಣ್ಣ ಖಾಸಗಿ ದ್ವೀಪವನ್ನು ನಾವೊಂದಿಷ್ಟು ಜನ ಗುತ್ತಿಗೆಗೆ ಹಿಡಿದಿದ್ದೆವು. ಹೆಚ್ಚಿನವರು ಮಲೇಷ್ಯಾದಲ್ಲಿ ಐಟಿ ಕೆಲಸಕ್ಕೆಂದು ಬಂದ ಕನ್ನಡಿಗರು, ಜೊತೆಗೆ ಆಫೀಸಿನ ಕೆಲವು ಚೀನೀ, ತಮಿಳು ಸ್ನೇಹಿತರು. ಯಜಮಾನರಿಲ್ಲದ ಊರು ಕಟ್ಟುವುದು ನಮ್ಮ ಆಸೆ. ಊರಿಗೆ ನಮ್ಮದೇ ಒಂದು ಕ್ರಿಪ್ಟೊ ನಾಣ್ಯ ಇತ್ತು, ಒಂದು ನಾಣ್ಯಕ್ಕೆ ಒಂದು ಮತ. ಊರಿಗೆ ಏನು ಬೇಕಾದರೂ ಸಾಮಾನ್ಯ ನಿಧಿಯಿಂದಲೇ ಕೊಳ್ಳಬೇಕು. ಅದಕ್ಕೆ ಒಟ್ಟು ನಾಣ್ಯಗಳಲ್ಲಿ ಮೂರನೇ ಎರಡು ಪಾಲು ಇಟ್ಟುಕೊಂಡವರು ತಮ್ಮ ಫೋನಿನಲ್ಲಿ ಹೌದು ಎಂದು ಒತ್ತಬೇಕು. ಸ್ವಂತ ದುಡ್ಡಿನಲ್ಲಿ ಒಂದು ಬಕೆಟ್ಟನ್ನೂ ತರುವಂತಿರಲಿಲ್ಲ.

“ಇವತ್ತು ಬಕೆಟ್ ತಂದವನು ನಾಳೆ ಯಜಮಾನ ಆಗ್ತಾನೆ ಕಣೇ,” ಎನ್ನುತ್ತಿದ್ದರು ಇವರು.

ನನಗೂ ಆ ಮಾತು ಹಿಡಿಸಿತ್ತು. ಬಯಾನ್ ಲೆಪಾಸ್‌ನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಸಾಕಾಗಿ ಬಂದವಳು ನಾನು. ಆದರೆ ಜನ ಊರು ಬಿಟ್ಟು ಹೋಗುವಾಗ ನಾಣ್ಯಗಳೂ ಅವರ ಜೇಬಿನಲ್ಲೇ ಹೋಗುತ್ತವೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಕ್ಕಳ ಶಾಲೆ, ಸೊಳ್ಳೆ, ಬೇಸರ, ಕೊನೆಗೆ ನಾಣ್ಯದ ಬೆಲೆ ಕುಸಿದದ್ದು, ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ಮನೆ ಖಾಲಿಯಾಯಿತು. ಉಳಿದ ಕೆಲವರ ಕೈಯಲ್ಲಿ ಕಾಲು ಭಾಗದಷ್ಟು ಮತವೂ ಇರಲಿಲ್ಲ.

ಪಂಪು ಹೋದ ಮೇಲೆ ಬಾವಿಯಿಂದ ದಿಬ್ಬದ ಮೇಲಿನ ಟ್ಯಾಂಕಿಗೆ ನೀರು ಹೊರುವ ಕೆಲಸ ಶುರುವಾಯಿತು. ದೋಣಿ ಬಂದಾಗಲೆಲ್ಲ ಯಾರೋ ಒಬ್ಬರು ಚೀಲ ಹಿಡಿದು ಜೆಟ್ಟಿಯಲ್ಲಿ ನಿಂತಿರುತ್ತಿದ್ದರು. ಪಂಪು ಬರದಿದ್ದರೆ ಊರು ಮುಗಿದಂತೆಯೇ. ಹೋದವರಿಗೆಲ್ಲ ಇವರು ಮೆಸೇಜಿನ ಮೇಲೆ ಮೆಸೇಜು ಕಳಿಸಿದರು, ನಾನು ಫೋನೂ ಮಾಡಿದೆ. ಜಪ್ಪಯ್ಯ ಅಂದರೂ ಒಬ್ಬರೂ ಒತ್ತಲಿಲ್ಲ.

“ನಾನೇ ಹೋಗ್ತೀನಿ,” ಎಂದೆ.

“ಎಲ್ಲಿಗೆ?”

“ಮನೆಮನೆಗೆ. ಮದುವೆ ಕರೆಯೋಕೆ ಹೋಗಲ್ವಾ, ಹಾಗೆ.”

ಇವರು ನಕ್ಕರು. ಆದರೆ ಮದುವೆ ಕರೆಯುವುದರಲ್ಲಿ ನಮ್ಮ ಮನೆಯ ಹೆಂಗಸರದು ಎತ್ತಿದ ಕೈ. ಕೂತ ಮೇಲೆ ಒಪ್ಪಿಸದೆ ಏಳುವವರಲ್ಲ. ದ್ವೀಪದ ತೆಂಗಿನಕಾಯಿ ತುರಿದು ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೊರಟೆ.

ಪೆಟಾಲಿಂಗ್ ಜಯಾದ ಮೊದಲ ಮನೆಯಲ್ಲಿ ಬಾಗಿಲು ತೆರೆದ ಹುಡುಗಿ ಒಳಗೆ ತಿರುಗಿ, “ಅಮ್ಮಾ, ಐಲ್ಯಾಂಡ್ ಆಂಟಿ ಈಸ್ ಹಿಯರ್ ಲಾ!” ಎಂದು ಇಲ್ಲಿಯವರಂತೆ ‘ಲಾ’ ಸೇರಿಸಿ ಕೂಗಿತು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು.

“ಅಯ್ಯೋ ಬನ್ನಿ ಬನ್ನಿ. ಅದು ಇನ್ನೂ ಇದ್ಯಾ?”

ಹಾಸಿಗೆ ಹಿಡಿದ ನೆಂಟರ ಬಗ್ಗೆ ಕೇಳುವ ದನಿಯಲ್ಲೇ ಕೇಳಿದಳು. ನನಗೆ ಉರಿದುಹೋಯಿತು, ಆದರೂ ನಕ್ಕೆ. ಮತ ಒತ್ತುವ ಆ್ಯಪನ್ನು ಫೋನಿನಿಂದ ಯಾವಾಗಲೋ ಅಳಿಸಿಬಿಟ್ಟಿದ್ದಳು. ಕಾಫಿ ಮುಗಿಯುವಷ್ಟರಲ್ಲಿ ಅದು ಮತ್ತೆ ಇಳಿಯಲಿಲ್ಲ. ನಾನು ಎರಡನೇ ಕಾಫಿ ಕೇಳಿದೆ. ಒತ್ತಿಸಿಯೇ ಎದ್ದೆ.

ಇನ್ನೊಬ್ಬ ಸಿಕ್ಕಿದ್ದು ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ, ರೊಟಿ ಚನಾಯ್ ಹರಿಯುತ್ತಾ ಕೂತಿದ್ದ. “ಅಕ್ಕಾ, ಆ ಕಾಯಿನ್ ಬೆಲೆ ಝೀರೋ ಲಾ. ಸುಮ್ನೆ ಯಾಕೆ ಟೆನ್ಷನ್?” ಎಂದ.

“ಕಾಯಿನ್ ಝೀರೋನೇ ಇರ್ಲಿ. ನೀರು ತುಂಬಿದ ಕೊಡ ಝೀರೋ ಅಲ್ಲಪ್ಪ, ಬಂದು ಒಂದ್ಸಲ ಹೊತ್ತು ನೋಡು.”

ಎಣ್ಣೆಯಾದ ಕೈ ಒರೆಸಿಕೊಂಡು ಅವನೂ ಒತ್ತಿದ. ಎಲ್ಲರನ್ನೂ ಹೀಗೆ ಹಿಡಿದೆ. ಉಳಿದದ್ದು ಮೆಲಾಕಾದ ಒಂದು ಮನೆ, ನಮ್ಮನ್ನೆಲ್ಲ ದ್ವೀಪದ ಊರಿಗೆ ಕೂಡಿಸಿದವನದು. ಮಂಗಳೂರಿನವನು, ಹೆಂಡತಿ ಮೆಲಾಕಾದಲ್ಲೇ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ನಾಣ್ಯ ಅವನೊಬ್ಬನದೇ. ಅವನು ಒತ್ತದೆ ಏನೂ ಆಗದು. ಒತ್ತಿಯೇ ಒತ್ತುತ್ತಾನೆಂಬ ಧೈರ್ಯದಿಂದ ಅವನನ್ನು ಕೊನೆಗೆ ಇಟ್ಟುಕೊಂಡಿದ್ದೆ.

“ನೀವು ಯಾಕೆ ಫೋನ್ ಮಾಡ್ತೀರಿ ಅಂತ ಗೊತ್ತಿತ್ತು ಮಾರಾಯ್ರೆ. ಅದಕ್ಕೇ ತೆಗೀಲಿಲ್ಲ,” ಎಂದ, ನಾನು ಕೂರುವ ಮೊದಲೇ.

“ಒಂದ್ಸಲ ಒತ್ತಿಬಿಡಪ್ಪ, ನಾನು ಹೊರಡ್ತೀನಿ.”

“ಒತ್ತಲಿಕ್ಕೆ ಆಗುದಿಲ್ಲ. ಹಳೇ ಫೋನು ನಮ್ಮ ಜೆಟ್ಟಿಯಲ್ಲೇ ನೀರಿಗೆ ಬಿತ್ತು.”

ಫೋನು ಹೋದರೆ ಬೇರೆ ಫೋನಿನಲ್ಲಿ ನಾಣ್ಯಗಳನ್ನು ತೆರೆಯಬಹುದು. ಅದಕ್ಕೆ ಒಂದು ಸಾಲು ಗುಪ್ತ ಶಬ್ದಗಳು ಬೇಕು, ಅವೂ ಸರಿಯಾದ ಕ್ರಮದಲ್ಲಿ. “ಶಬ್ದಗಳು?” ಎಂದೆ.

“ಮೊದಲಿನವು ನೆನಪುಂಟು. ಕೊನೆಯ ನಾಲ್ಕೈದು ಎಂತ ಮಾಡಿದ್ರೂ ಬರುದಿಲ್ಲ.”

“ಎಲ್ಲೂ ಬರೆದಿಟ್ಟಿಲ್ವಾ?”

“ಬರೀಬೇಡಿ, ತಲೆಯಲ್ಲೇ ಇಟ್ಟುಕೊಳ್ಳಿ ಅಂತ ನಿಮಗೆಲ್ಲ ಪಾಠ ಮಾಡಿದವ ನಾನಲ್ವಾ?”

ಎದ್ದು ಕೆನ್ನೆಗೆ ಬಾರಿಸಬೇಕೆನಿಸಿತು. ನಿಜವಾಗಿಯೂ ಅನಿಸಿತು. ಅಷ್ಟರಲ್ಲಿ ಅವನ ಹೆಂಡತಿ ಊಟಕ್ಕೆ ಕರೆದಳು. ತಟ್ಟೆಯ ಮುಂದೆ ಕೂತಾಗಲೂ ಅವನ ತುಟಿ ಅಲುಗುತ್ತಲೇ ಇತ್ತು, ಆ ಶಬ್ದಗಳನ್ನು ಮೊದಲಿಂದ ಹೇಳಿಕೊಳ್ಳುತ್ತಿದ್ದ. “ನಿದ್ದೆಯಲ್ಲೂ ಇದೇ,” ಎಂದಳು ಅವಳು ಮೆಲ್ಲಗೆ. ಅವನು ದ್ವೀಪ ಬಿಟ್ಟದ್ದು ಬೇಸರಕ್ಕಲ್ಲ, ನಾಚಿಕೆಗೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಉಳಿದ ಮಿಠಾಯಿಯನ್ನೆಲ್ಲ ಅಲ್ಲೇ ಬಿಟ್ಟು ಬಂದೆ.

ಬಸ್ಸಿನಲ್ಲಿ ಲೆಕ್ಕ ಸ್ಪಷ್ಟವಾಯಿತು. ಇನ್ನು ಯಾವತ್ತೂ ನಮ್ಮಲ್ಲಿ ಯಾವ ಮತವೂ ಗೆಲ್ಲುವುದಿಲ್ಲ. ನಿಧಿ ಫೋನಿನಲ್ಲಿ ಕಾಣುತ್ತಿರುತ್ತದೆ, ಮುಟ್ಟಲಾಗದು. ನಿಯಮ ಕಾಯುತ್ತಾ ಕೂತರೆ ದ್ವೀಪದಲ್ಲಿ ನಿಯಮ ಮಾತ್ರ ಉಳಿಯುತ್ತದೆ. ಹಾಗಾಗಲು ಬಿಡುವುದಿಲ್ಲ ಎಂದುಕೊಂಡೆ. ಮೆರ್ಸಿಂಗ್‌ನಲ್ಲಿ ಇಳಿದವಳೇ ಅಂಗಡಿಗೆ ಹೋಗಿ ನನ್ನ ದುಡ್ಡಿನಲ್ಲಿ ಪಂಪು ಕೊಂಡೆ.

ಜೆಟ್ಟಿಯಲ್ಲಿ ಎಲ್ಲರೂ ಕಾದಿದ್ದರು. ದೋಣಿಯವನು ಪಂಪನ್ನು ಹಲಗೆಯ ಮೇಲೆ ಇಳಿಸಿದ. ಇವರು ಅದನ್ನೂ ನನ್ನನ್ನೂ ನೋಡಿದರು.

“ಮತ ಪಾಸಾಯ್ತಾ?”

“ಇಲ್ಲ. ಆಗೋದೂ ಇಲ್ಲ,” ಎಂದು ಮೆಲಾಕಾದಲ್ಲಿ ಕಂಡದ್ದನ್ನು ಹೇಳಿದೆ. ಆಮೇಲೆ ಉಳಿದವರ ಕಡೆ ತಿರುಗಿದೆ. “ಇಲ್ಲೇ ಇರೋರು, ಈ ನೀರು ಕುಡಿಯೋರು, ಕೈ ಎತ್ತಿ.”

ಕೈಗಳು ಎದ್ದವು. ಹೊರಡಲೆಂದು ಚೀಲ ತಂದಿದ್ದವಳು ಅದನ್ನು ಕೆಳಗಿಟ್ಟು ಎತ್ತಿದಳು. ಇವರೊಬ್ಬರ ಕೈ ಮಾತ್ರ ಏಳಲಿಲ್ಲ. ವರ್ಷಗಟ್ಟಲೆ ಕೂತು ಬರೆದ ನಿಯಮ ಅದು. ಒಬ್ಬನ ಮರೆವಿಗೆ ಅದು ಸತ್ತುಹೋದದ್ದನ್ನು ಅವರ ಮುಖದಲ್ಲಿ ನೋಡಲು ನನಗೆ ಕಷ್ಟವಾಯಿತು. ಆದರೂ ಕ್ಷಮಿಸಿ ಎನ್ನಲಿಲ್ಲ. ಬಗ್ಗಿ ಪಂಪಿಗೆ ಕೈ ಹಾಕಿದೆ.

“ಒಬ್ಬಳೇ ಎತ್ತಬೇಡ್ವೇ, ಸೊಂಟ ಹಿಡ್ಕೊಳತ್ತೆ,” ಎಂದು ಇವರು ಬಂದು ಇನ್ನೊಂದು ತುದಿ ಹಿಡಿದರು.