ಕಂಡಕ್ಟರ್ ಕಾಕಾರ ರಿಮೋಟು

ಅವರ ಬಲಗೈ ಸುಮ್ಮನೆ ಇರುತ್ತಿರಲಿಲ್ಲ. ಮಾತಿನ ನಡುವೆ ತಾನಾಗಿಯೇ ತಲೆಯ ಮೇಲೆ ಹೋಗಿ, ಅಲ್ಲಿಲ್ಲದ ಹಗ್ಗವೊಂದನ್ನು ಹಿಡಿದು, ಒಮ್ಮೆ ಜಗ್ಗಿ ಕೆಳಗಿಳಿಯುತ್ತಿತ್ತು. ತೋರುಬೆರಳಿನ ನಡುಗೆಣ್ಣಿನ ಮೇಲೆ ಹುಣಸೆಬೀಜದಷ್ಟು ಗಟ್ಟಿ ಚರ್ಮ. ಮೂವತ್ತೊಂದು ವರ್ಷ ಬಸ್ಸಿನ ಗಂಟೆಯ ಹಗ್ಗ ಜಗ್ಗಿ ಜಗ್ಗಿ ಆದದ್ದು. ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಅದು ಕರಗಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ನೋಡಿ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಇರಲಿ ಬಿಡ್ರಿ ಟೀಚರಬಾಯಿ, ನೌಕರಿದು ಅಂತ ಮೈಮ್ಯಾಲ ಉಳದದ್ದು ಇದೊಂದ" ಅಂದಿದ್ದರು.

ನಾನು ಔರಾದದಿಂದ ಭಾಲ್ಕಿಯ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ನನಗೆ ಐವತ್ತು ದಾಟಿತ್ತು. ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಅವ್ವ ಕೊನೆಯವರೆಗೂ ನನ್ನ ಜೊತೆಗೇ ಇದ್ದಳು, ಔರಾದದಲ್ಲೇ ತೀರಿಕೊಂಡಳು. ಭಾಲ್ಕಿಯಲ್ಲಿ ನನಗೆ ಸಿಕ್ಕದ್ದು ಒಂದು ಮನೆಯ ಅರ್ಧ. ಮಾಲೀಕರು ಇದ್ದ ಒಂದು ಮನೆಯನ್ನೇ ಎರಡು ಮಾಡಿ, ಮುಂದಿನದನ್ನು ನನಗೂ ಹಿಂದಿನದನ್ನು ಕಂಡಕ್ಟರ್ ಕಾಕಾಗೂ ಬಾಡಿಗೆಗೆ ಕೊಟ್ಟಿದ್ದರು. ನಡುವೆ ಒಂದು ಬಾಗಿಲು, ಚಿಲಕ ನನ್ನ ಕಡೆಗೆ.

ಕಾಕಾರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಕಮಲನಗರದಲ್ಲಿ ಹೊಲಮನೆ ನೋಡಿಕೊಂಡು ಇದ್ದವಳು, ತಿಂಗಳಿಗೆರಡು ಸಲ ಬಂದು "ನಡೀ ಅಪ್ಪಾ, ನಮ್ಮ ಮನಿಗಿ ನಡೀ" ಎಂದು ಜಗಳವನ್ನೇ ಆಡುತ್ತಿದ್ದಳು. ಇವರು ಜಪ್ಪಯ್ಯ ಅನ್ನುತ್ತಿರಲಿಲ್ಲ. "ಡಿಪೋ ಬಿಟ್ಟು ಗಾಡಿ ಎಲ್ಲಿ ನಿಂದರಬೇಕವ್ವಾ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದರು.

ನನಗೆ ಒಂಟಿ ಮನೆಯಲ್ಲಿ ಸದ್ದು ಬೇಕು. ಅದಕ್ಕೇ ಬೀದರಿಗೆ ಹೋಗಿ, ಟಿವಿಯ ಹಿಂದೆ ಸಿಕ್ಕಿಸಿದರೆ ಇಂಟರ್ನೆಟ್ಟಿನಿಂದ ಬೇಕಾದ್ದು ತೋರಿಸುವ ಒಂದು ಸ್ಟಿಕ್ ತಂದೆ. ಅದರಲ್ಲಿ ಬರುವ ಮರಾಠಿ ಧಾರಾವಾಹಿಯೊಂದಕ್ಕೆ ಕಾಕಾ ಸಂಜೆ ಏಳಕ್ಕೆ ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂಡುವುದು ರೂಢಿಯಾಯಿತು. ನಾಲ್ಕು ತಿಂಗಳು ಹೀಗೇ ನಡೆಯಿತು. ಆಮೇಲೆ ಅವರ ಮೊಣಕಾಲು ಕೈಕೊಟ್ಟವು. ಹಿಂದಿನ ಓಣಿಯಿಂದ ಸುತ್ತು ಹಾಕಿ ಮುಂಬಾಗಿಲಿಗೆ ಬರುವುದು ಆಗದಾಯಿತು. ಒಂದು ಸಂಜೆ ನಾನೇ ನಡುಬಾಗಿಲಿನ ಚಿಲಕ ತೆಗೆದು, ಟಿವಿಯನ್ನು ಆ ಕಡೆಗೆ ತಿರುಗಿಸಿ ಇಟ್ಟೆ. ಅವರು ತಮ್ಮ ಮಂಚದ ಮೇಲೆ, ನಾನು ನನ್ನ ಕುರ್ಚಿಯಲ್ಲಿ, ನಡುವೆ ಹೊಸ್ತಿಲು.

ಎರಡೇ ದಿನಕ್ಕೆ ತಕರಾರು ಶುರುವಾಯಿತು.

"ಟೀಚರಬಾಯಿ, ಡ್ರೈವರೂ ನೀವ, ಕಂಡಕ್ಟರೂ ನೀವ ಅಂದ್ರ ಹ್ಯಾಂಗ್ರಿ? ನನ್ನ ಕಡಿ ಒಂದ್ ಬೆಲ್ ಬೇಕಲ್ಲ?"

ಎಂಥ ಹಟಮಾರಿ ಮುದುಕ ಎಂದು ಗೊಣಗುತ್ತಲೇ ಅದಕ್ಕೆ ಹೊಂದುವ ಇನ್ನೊಂದು ರಿಮೋಟು ತರಿಸಿದೆ. ಒಂದೇ ಟಿವಿಗೆ ಎರಡು ರಿಮೋಟು ಜೋಡಿಸಬಹುದು ಎಂದು ಗೊತ್ತಾದದ್ದೇ ಆಗ. ಅದರ ಒಂದು ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಟಿವಿ ಅದನ್ನು ಗುರುತು ಹಿಡಿಯುತ್ತದೆ. ಅಂದಿನಿಂದ ಆ ರಿಮೋಟು ಕಾಕಾರ ಅಂಗಿಯ ಜೇಬಿನಲ್ಲಿ, ಹಿಂದೆ ಟಿಕೆಟ್ ಬರೆಯುವ ಪೆನ್ನು ಇರುತ್ತಿದ್ದ ಜಾಗದಲ್ಲಿ, ಕೂತುಬಿಟ್ಟಿತು. ತಿಂಗಳಿಗೊಮ್ಮೆ ಸೆಲ್ ಬದಲಿಸುವುದು, ಬೇಕಿರಲಿ ಬಿಡಲಿ.

ಅವರು ಅದನ್ನು ಬಳಸುತ್ತಿದ್ದದ್ದು ಒಂದೇ ಕೆಲಸಕ್ಕೆ. ನಾನು ಒಲೆಯ ಮೇಲಿನದನ್ನು ನೋಡಲು ಎದ್ದೆನೋ, ಕೈ ಮೇಲೆ ಹೋಗುತ್ತಿತ್ತು. "ಹೋಲ್ಡಾನ್!" ಟಿವಿ ಗಕ್ಕನೆ ನಿಲ್ಲುತ್ತಿತ್ತು. ಬಂದು ಕೂತ ಮೇಲೆ "ರೈಟ್ ರೈಟ್!" ಆಗಲೇ ಮುಂದಕ್ಕೆ. ನಾನು ಬಚ್ಚಲಿಗೆ ಹೋದರೂ ನಿಲ್ಲುವುದು, ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೂ ನಿಂತೇ ಇರುವುದು. ನೀವು ನೋಡುತ್ತಿರಿ, ನಾನು ಬರುತ್ತೇನೆ ಎಂದರೆ ಕೇಳುವವರಲ್ಲ. "ಪ್ಯಾಸೆಂಜರ್ ಇಳದಾರ. ಬರೋತನಕ ಗಾಡಿ ಬಿಡಂಗಿಲ್ರಿ."

ಅದಕ್ಕೊಂದು ಕಾರಣವಿತ್ತು. ಹೇಳಿದ್ದು ಒಂದೇ ಸಲ, ಹಲಸಂದಿ ಕಾಳು ಬಿಡಿಸುತ್ತ ಕೂತಿದ್ದಾಗ. ಭಾಲ್ಕಿಯಿಂದ ಬೀದರಿಗೆ ಹೋಗುವ ಗಾಡಿ, ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಹಲಬರ್ಗಾದಲ್ಲಿ ನಿಂತಾಗ ಒಬ್ಬ ತಾಯಿ, ನಿದ್ದೆಹೋದ ಕೂಸನ್ನು ಪಕ್ಕದವಳ ತೊಡೆಯ ಮೇಲೆ ಬಿಟ್ಟು, ಬೋರಿಂಗಿನಿಂದ ಬಾಟಲಿಗೆ ನೀರು ತುಂಬಿಕೊಳ್ಳಲು ಇಳಿದಿದ್ದಾಳೆ. ಇವರು ನೋಡಿಲ್ಲ. ಗಾಡಿ ಹೊರಡಲೆಂದು ಡಬಲ್ ಬೆಲ್ ಹೊಡೆದುಬಿಟ್ಟಿದ್ದಾರೆ. ಎರಡು ಮೈಲಿ ಹೋದ ಮೇಲೆ ಕೂಸು ಎದ್ದು ಕಿರುಚಿಕೊಂಡಿದೆ. ಗಾಡಿ ಹೊಳ್ಳಿಸಿಕೊಂಡು ಬಂದರೆ ಆ ತಾಯಿ ಬಿಸಿಲಲ್ಲಿ ಬರಿಗಾಲಲ್ಲಿ ಓಡುತ್ತ ಬರುತ್ತಿದ್ದಾಳೆ, ಕೈಯಲ್ಲಿ ನೀರಿನ ಬಾಟಲಿ ಹಾಗೇ ಇದೆ.

"ಆಕಿ ನನಗ ಏನೂ ಅನ್ನಲಿಲ್ರಿ. ಹತ್ತಿ ಕೂಸಿಗಿ ನೀರ ಕುಡಿಸಿದಳು, ಅಷ್ಟ. ಎರಡ ಮಾತ ಬೈದಿದ್ರ ಛಲೋ ಇತ್ತು." ಕೈ ಮತ್ತೆ ಮೇಲೆ ಹೋಗಿ ಇಳಿಯಿತು. "ಅವತ್ತಿನಿಂದ ತಲಿ ಎಣಿಸದ ನಾ ಬೆಲ್ ಮುಟ್ಟಿಲ್ಲ."

ಇಷ್ಟು ಗೊತ್ತಿದ್ದೂ ನಾನು ಅಂಥ ಕೆಲಸ ಮಾಡಿದೆ.

ಅವ್ವ ಹೋಗಿ ಒಂದು ವರ್ಷ ತುಂಬುವ ದಿನ ಹತ್ತಿರ ಬಂದಿತ್ತು. ಬೀದರಿನಲ್ಲಿರುವ ಅಣ್ಣನ ಮನೆಯಿಂದ ಕರೆ ಬರುತ್ತದೆಂದು ರಜೆಯ ಅರ್ಜಿಯನ್ನೂ ಬರೆದಿಟ್ಟಿದ್ದೆ. ಒಂದು ಸಂಜೆ ಫೋನ್ ಬಂತು. "ಇವತ್ತು ಅವ್ವಂದು ವರ್ಷದ್ದು ಮುಗಿಸಿದ್ವಿ. ನಿನಗ ಸಾಲಿ ಇರ್ತದಂತ ಹೇಳಲಿಲ್ಲ ನೋಡವ್ವ" ಎಂದ ಅಣ್ಣ. ಹನ್ನೆರಡು ವರ್ಷ ಅವ್ವನ ಹೇಲು ಉಚ್ಚೆ ಬಳಿದವಳು ನಾನು. ಆಯ್ತಣ್ಣಾ ಎಂದು ಫೋನಿಟ್ಟೆ. ಟಿವಿ ಜೋರಾಗಿ ನಡೆದಿತ್ತು. ಎದ್ದು ಅಡುಗೆಮನೆಗೆ ಹೋದೆ. ಆ ಸದ್ದಿನ ಮರೆಯಲ್ಲಿ ಅತ್ತುಬಿಡೋಣ ಎಂದು ಸೆರಗು ಬಾಯಿಗೆ ಹಿಡಿದದ್ದೇ ತಡ, ಹೊರಗಿಂದ "ಹೋಲ್ಡಾನ್!"

ಮನೆಯೆಲ್ಲ ಸ್ತಬ್ಧ. ನನ್ನ ಬಿಕ್ಕು ನನಗೇ ಕೇಳುವಷ್ಟು. ಅವರಿಗೂ ಕೇಳಿಸಿತು. ಮೆಲ್ಲಗೆ ಅಂದರು: "ಟೀಚರಬಾಯಿ, ಗಾಡಿ ನಿಂತದ್ರಿ. ಅವಸರ ಏನಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಣ್ಣನ ಮೇಲೆ ಬರಬೇಕಾದ್ದು ಪೂರಾ ಆ ಮುದುಕನ ಮೇಲೆ ಬಂತು. ಸ್ವಂತ ಮನೆಯಲ್ಲಿ ಕೂತು ಅಳಲಿಕ್ಕೂ ಇವರ ಪರವಾನಗಿ ಬೇಕೇ?

ಮರುದಿನ ಭಾನುವಾರ. ಮಧ್ಯಾಹ್ನ ಊಟ ಮಾಡಿ ಕಾಕಾ ಗೊರಕೆ ಹೊಡೆಯುತ್ತಿದ್ದಾಗ ಕಳ್ಳರ ಹಾಗೆ ಟಿವಿ ಮುಂದೆ ಕೂತೆ. ಸದ್ದು ಪೂರ್ತಿ ಇಳಿಸಿ, ಸೆಟ್ಟಿಂಗ್ಸಿಗೆ ಹೋಗಿ, ರಿಮೋಟುಗಳ ಪಟ್ಟಿ ತೆಗೆದೆ. ಎರಡು ಹೆಸರಿದ್ದವು, ಎರಡೂ ಒಂದೇ. ಯಾವುದು ನನ್ನದು, ಯಾವುದು ಅವರದು? ನನ್ನದನ್ನೇ ಕಿತ್ತುಕೊಂಡರೆ ಗತಿ? ಆಮೇಲೆ ನೋಡಿದರೆ ಒಂದರ ಸೆಲ್ ಮುಗಿಯುತ್ತ ಬಂದಿದೆ, ಇನ್ನೊಂದರದ್ದು ಭರ್ತಿಯಾಗಿದೆ ಎಂದು ತೋರಿಸುತ್ತಿತ್ತು. ಭರ್ತಿಯದು ಯಾರದೆಂದು ಕೇಳಬೇಕೆ? ಅದನ್ನೇ ಆರಿಸಿ, ಮೂರು ಗೆರೆಯ ಗುಂಡಿ ಒತ್ತಿದೆ. ಈ ರಿಮೋಟಿನ ಸಂಪರ್ಕ ತೆಗೆಯಬೇಕೇ ಎಂದು ಕೇಳಿತು. ಹೌದು ಅಂದೆ. ಪಟ್ಟಿಯಲ್ಲಿ ಒಂದೇ ಉಳಿಯಿತು.

ಸಂಜೆ ನಾನು ಎದ್ದೆ. ಹೋಲ್ಡಾನ್ ಅಂದರು, ಒತ್ತಿದರು. ಟಿವಿ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದರು, ಅಂಗೈಗೆ ಬಡಿದು ಒತ್ತಿದರು.

"ಸೆಲ್ ಹೋಗ್ಯಾವೇನೋ."

"ಇರಬಹುದ್ರಿ" ಅಂದೆ. ನನ್ನ ನಾಲಿಗೆ ಅಷ್ಟು ಸಲೀಸಾಗಿ ಸುಳ್ಳಾಡುತ್ತದೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಹಾಲು ಕೊಡುವ ಹೆಂಗಸಿಗೆ ಹೇಳಿ ಹೊಸ ಸೆಲ್ ತರಿಸಿದರು. ಹಾಕಿದರು. ಇಲ್ಲ. ಆದರೂ ನಾನು ಎದ್ದಾಗಲೆಲ್ಲ ಕೈ ಮೇಲೆ ಹೋಗುತ್ತಿತ್ತು, ರಿಮೋಟು ಒತ್ತುತ್ತಿದ್ದರು. ಗಾಡಿ ತನ್ನ ಪಾಡಿಗೆ ಓಡುತ್ತಿತ್ತು. ಹೀಗೆ ಎಂಟು ದಿನ. ಮೊದಲೆರಡು ದಿನ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಮೂರನೆಯ ದಿನದಿಂದ ನನಗೆ ಅವರ ಕಡೆ ನೋಡುವುದು ಕಷ್ಟವಾಯಿತು.

ಒಂಬತ್ತನೆಯ ದಿನ ರೊಟ್ಟಿ ಮುಗಿಸಿ ಬಂದು ಕೂತೆ. ಕಾಕಾ ಹೊಸ್ತಿಲ ಕಡೆ ಬಗ್ಗಿ, ತಪ್ಪು ಮಾಡಿದವರ ಹಾಗೆ ಹೇಳಿದರು:

"ಬೆಲ್ ಹೊಡದೇನ್ರಿ, ಗಾಡಿ ನಿಲ್ಲಲಿಲ್ಲ. ನೀವು ಹಿಂದ ಉಳದ್ರಿ. ಅದಕ ಏನೇನ ಆಗ್ಯದ ಅಂತ ಧ್ಯಾನ ಇಟ್ಟು ನೋಡೀನಿ, ಹೇಳತೇನಿ ಕೇಳ್ರಿ. ಅತ್ತಿ ಕಪಾಟಿನ ಕೀಲಿ ಮೊಸರಿನ ಗಡಿಗ್ಯಾಗ ಹಾಕ್ಯಾಳ. ಸಣ್ಣ ಸೊಸಿ ನೋಡ್ಯಾಳ. ದೊಡ್ಡಾಕಿ ನೋಡಿಲ್ಲ. ಮಾವಗ ಯಾವುದೂ ಖಬರೇ ಇಲ್ಲ, ಅಂವ ಪೇಪರ್ ಓದಕೋತ ಕೂತಾನ."

ನಾನು ತಲೆ ತಗ್ಗಿಸಿ ಕೇಳಿದೆ. ಟಿವಿಯಲ್ಲಿ ಅಷ್ಟರಲ್ಲಿ ಅತ್ತೆ ಕೀಲಿ ಹುಡುಕಲು ಗಡಿಗೆಯೊಳಗೆ ಕೈ ಹಾಕಿದಳು. ನನಗೆ ಕೂಡಲಾಗಲಿಲ್ಲ. "ಉಳಿದದ್ದು ನಾಳಿ ನೋಡೋಣ್ರಿ ಕಾಕಾ" ಎಂದು ಅಲ್ಲಿಗೇ ನಿಲ್ಲಿಸಿದೆ. ಆಗಲೇ ಜೋಡಿಸಿಬಿಡಬಹುದಿತ್ತು. ಹತ್ತು ಎಣಿಸುವಷ್ಟು ಹೊತ್ತಿನ ಕೆಲಸ. ಆದರೆ ಕಿತ್ತದ್ದು ನಾನೇ ಎಂದು ಹೇಳಬೇಕಲ್ಲ. ಟಿವಿ ಆರಿಸಿ ಎದ್ದುಬಿಟ್ಟೆ.

ಮರುದಿನ ನಾನು ಶಾಲೆಯಲ್ಲಿದ್ದಾಗ ಅವರಿಗೆ ಉಸಿರು ಸಿಕ್ಕದಂತಾಗಿ, ಮಗಳು ಕಮಲನಗರದಿಂದ ಓಡಿಬಂದು ಬೀದರಿನ ಆಸ್ಪತ್ರೆಗೆ ಸೇರಿಸಿದಳು. ಸಂಜೆ ಬಂದರೆ ನಡುಬಾಗಿಲು ತೆರೆದೇ ಇತ್ತು, ಮಂಚ ಖಾಲಿ.

ಭಾನುವಾರ ಬೀದರಿಗೆ ಹೋದೆ. ಅವರು ಆಸ್ಪತ್ರೆಯ ಹಾಸಿಗೆಯಲ್ಲಿ ಅರ್ಧ ಆಗಿದ್ದರು. ಅಂಗಿಯ ಜೇಬಿನಲ್ಲಿ ಮಾತ್ರ ರಿಮೋಟು ಇತ್ತು. "ಮೊಬೈಲ್ ಮನ್ಯಾಗ ಬಿಟ್ಟು ಇದನ್ನ ತಂದಾರ ನೋಡ್ರಿ" ಎಂದು ಮಗಳು ನಕ್ಕು, ಚಹಾ ತರಲು ಹೋದಳು. ಇದೇ ಹೊತ್ತು ಎಂದು ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಕಾಕಾ, ಅದು ಕೆಟ್ಟಿಲ್ರಿ. ನಾನೇ ಅದರ ಕನೆಕ್ಷನ್ ತಗದೀನಿ."

"ಗೊತ್ತದ" ಅಂದರು.

"ಹ್ಯಾಂಗ ಗೊತ್ತಾಯ್ತು?"

"ಮೂವತ್ತೊಂದು ವರ್ಷ ಡ್ರೈವರ್ ಮಂದಿ ಜೋಡಿ ಬಾಳೇ ಮಾಡೀನ್ರಿ. ಬೆಲ್ ಕೆಟ್ಟದ್ದು ಬ್ಯಾರೆ, ಡ್ರೈವರ್ ಸಿಟ್ಟಾಗಿ ನಿಲ್ಲಿಸದೇ ಇದ್ದದ್ದು ಬ್ಯಾರೆ. ಬೆನ್ನ ನೋಡಿದ್ರ ತಿಳೀತದ."

"ಮತ್ತ ದಿನಾ ಯಾಕ ಒತ್ತತಿದ್ರಿ?"

"ನೀವು ಇಳದಿದ್ರಲ್ಲ. ಗಾಡಿ ನಿಲ್ಲಲಿ, ಬಿಡಲಿ. ಬೆಲ್ ಹೊಡಿಯೋದು ನನ್ನ ಕೆಲಸ." ಉಸಿರು ಎಳೆದುಕೊಂಡರು. "ಅವತ್ತ ನಾ ನಿಲ್ಲಸಬಾರದಿತ್ರಿ. ಮಂದಿಗಿ ಒಮ್ಮೊಮ್ಮೆ ಸದ್ದು ಬೇಕಿರ್ತದ. ಗಲತಿ ನಂದು."

ನಾನು ಮಾಫಿ ಕೇಳಲು ಬೀದರಿನವರೆಗೆ ಹೋಗಿದ್ದೆ. ಅವರು ನನಗಿಂತ ಮುಂಚೆ ಕೇಳಿಬಿಟ್ಟರು. ಆ ವಾರ್ಡಿನಲ್ಲಿ ಅಷ್ಟು ಜನರ ಮುಂದೆ ನಾನು ಅತ್ತೆ, ಈ ಸಲ ಯಾವ ಮರೆಯೂ ಇಲ್ಲದೆ. ಅವರು ಗೋಡೆಯ ಕಡೆ ನೋಡುತ್ತ ಮಲಗಿದ್ದರು. ನನ್ನದು ಮುಗಿದ ಮೇಲೆ ಕೇಳಿದರು:

"ಆಕಿಗಿ ಗಡಿಗ್ಯಾಗ ಕೀಲಿ ಸಿಕ್ತೇನ್ರಿ?"

"ನೋಡಿಲ್ರಿ. ನೀವು ಇಳದೀರಿ ಅಂತ ಗಾಡಿ ಅಲ್ಲೇ ನಿಲ್ಲಿಸೀನಿ."

ಅವರ ಮುಖ ಬೆಳಗಿತು. ಜೇಬಿನಿಂದ ರಿಮೋಟು ತೆಗೆದು ನನ್ನ ಕೈಗಿಟ್ಟರು. "ಜೋಡಿಸಿ ಇಡ್ರಿ, ಬರ್ತೇನಿ. ಆದ್ರ ಬಾಳ ಹೊತ್ತು ನಿಲ್ಲಸಬ್ಯಾಡ್ರಿ. ಒಳಗ ಕೂತವರಿಗಿ ತ್ರಾಸ ಆಗ್ತದ."

ಅಂದೇ ಸಂಜೆ ಅವರ ಮಂಚದ ಮೇಲೆ ಕೂತು, ಗುಂಡಿ ಒತ್ತಿ ಹಿಡಿದು, ಹತ್ತು ಎಣಿಸಿದೆ. ಪಟ್ಟಿಯಲ್ಲಿ ಮತ್ತೆ ಎರಡಾದವು. ಬುಧವಾರ ಮಗಳ ಫೋನ್ ಬಂತು, ಕಾಕಾ ಹೋದರೆಂದು. ಮಣ್ಣು ಮಾಡಿದ್ದು ಕಮಲನಗರದಲ್ಲಿ. ಬಸ್ಸಿನಲ್ಲಿ ಹೋದೆ, ನಿಂತಲ್ಲೆಲ್ಲ ಯಾರು ಇಳಿದರು, ಯಾರು ಹತ್ತಿದರು ಎಂದು ನೋಡುತ್ತ ಹೋದೆ. ಅಣ್ಣನಿಗೆ ಹೇಳಲಿಲ್ಲ. ನನ್ನವರು ಯಾರೋ ಹೋದರೆಂದು ಅವನಿಗೆ ಹೇಗೆ ಹೇಳುವುದು?

ಹಿಂದಿನ ಭಾಗಕ್ಕೆ ಬಾಡಿಗೆಗೆ ಯಾರೂ ಬಂದಿಲ್ಲ. ನಡುಬಾಗಿಲಿನ ಚಿಲಕ ನಾನು ಹಾಕಿಲ್ಲ. ಸಂಜೆ ಟಿವಿ ಹಚ್ಚುತ್ತೇನೆ, ಹಾಡು, ಸುದ್ದಿ, ಏನಾದರೂ. ಎದ್ದು ಅಡುಗೆಮನೆಯ ಬಾಗಿಲಿನವರೆಗೆ ಹೋಗಿ ಒಂದು ಗಳಿಗೆ ನಿಲ್ಲುತ್ತೇನೆ. ಟಿವಿ ನಿಲ್ಲುವುದಿಲ್ಲ.

ಆ ಮರಾಠಿ ಧಾರಾವಾಹಿ ಮಾತ್ರ ಅಲ್ಲಿಂದ ಮುಂದೆ ಹೋಗಿಲ್ಲ. ಬಹಳ ಹೊತ್ತು ನಿಲ್ಲಿಸಬೇಡಿ ಅಂದಿದ್ದರು, ಕೇಳಿಲ್ಲ. ಅವರ ರಿಮೋಟು ಕೈಯಲ್ಲಿ ಹಿಡಿಯುತ್ತೇನೆ, ಡಬಲ್ ಬೆಲ್ ಹೊಡೆಯಬೇಕೆಂದು ಬೆರಳು ಇಡುತ್ತೇನೆ, ತೆಗೆಯುತ್ತೇನೆ. ಅತ್ತೆಯ ಕೈ ಮೊಸರಿನ ಗಡಿಗೆಯಲ್ಲೇ ಇದೆ. ಇರಲಿ. ಪ್ಯಾಸೆಂಜರ್ ಇಳಿದಿದ್ದಾರೆ.